ಸರ್ಕಾರ ಕೊಳ್ಳುತ್ತೇನೆ ಎಂದರೆ ಊರೇ ಹುಟ್ಟುತ್ತದೆ!

ಮತದಾನದ ದಿನ ನಿಮ್ಮ ಎಡಗೈಯ ತೋರುಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ ಗೊತ್ತೆ? ಮೈಸೂರಿನಲ್ಲಿ! ಲಡಾಖಿನ ಕುರಿಗಾಹಿಯ ಉಗುರಿಗೂ ಅದೇ ಶಾಯಿ, ಲಕ್ಷದ್ವೀಪದ ಮೀನುಗಾರನ ಉಗುರಿಗೂ ಅದೇ, ಮತಗಟ್ಟೆಗೆ ಬರುವ ರಾಷ್ಟ್ರಪತಿಗಳ ಉಗುರಿಗೂ ಅದೇ. 2024ರ ಲೋಕಸಭಾ ಚುನಾವಣೆಗೆಂದು 26 ಲಕ್ಷಕ್ಕೂ ಹೆಚ್ಚು ಪುಟ್ಟ ಶೀಶೆಗಳು ಮೈಸೂರಿನಿಂದ ಹೊರಟು ದೇಶದ ಮೂಲೆಮೂಲೆ ತಲುಪಿದವು. ಸುಮಾರು 97 ಕೋಟಿ ಮತದಾರರ ದೇಶ; ಅಷ್ಟೂ ಬೆರಳಿಗೆ ಬೇಕಾದ ಶಾಯಿ ಒಂದೇ ಊರಿನ ಒಂದೇ ಕಾರ್ಖಾನೆಯಿಂದ!

ಆ ಕಾರ್ಖಾನೆ ಹುಟ್ಟಿದ್ದು ಚುನಾವಣೆಗಾಗಿ ಅಲ್ಲವೇ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣ ಮಾಡಲೆಂದು ತೆರೆದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅದು. ಇಂದಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮೂರನೇ ಮಹಾಚುನಾವಣೆಯ ಹೊತ್ತಿಗೆ ಕಳ್ಳಮತ ತಡೆಯಲು ಅಳಿಸಲಾಗದ ಗುರುತೊಂದು ಬೇಕಾಗಿತ್ತು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವಿಜ್ಞಾನಿಗಳು ಸೂತ್ರ ಕೊಟ್ಟರು. ಸಿಲ್ವರ್ ನೈಟ್ರೇಟ್ ಚರ್ಮದಲ್ಲಿರುವ ಉಪ್ಪಿನಂಶದೊಂದಿಗೆ ಬೆರೆತು, ಬೆಳಕು ಬಿದ್ದೊಡನೆ ಕಪ್ಪಾಗಿ ಕೂತುಬಿಡುತ್ತದೆ. ಸೋಪು ಹಾಕಿ ತಿಕ್ಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಚುನಾವಣಾ ಆಯೋಗ ಮೈಸೂರಿಗೆ ಆರ್ಡರ್ ಕೊಟ್ಟಿತು. ನಡೆದದ್ದು ಅಷ್ಟೇ! ಆ ಒಬ್ಬ ಗಿರಾಕಿಯ ಬಲದ ಮೇಲೆ ಕಲಿತ ಕೆಲಸವನ್ನು ಇಂದು ಮೈಸೂರು 25ಕ್ಕೂ ಹೆಚ್ಚು ದೇಶಗಳಿಗೆ ಮಾರುತ್ತಿದೆ. ದಕ್ಷಿಣ ಆಫ್ರಿಕದಲ್ಲಿ, ಕಾಂಬೋಡಿಯದಲ್ಲಿ, ನೇಪಾಳದಲ್ಲಿ ಮತ ಹಾಕಿದವರ ಬೆರಳ ಮೇಲೂ ನಮ್ಮ ಮೈಸೂರಿನ ಗುರುತು ಬಿದ್ದಿದೆ.

ಈ ಕಥೆಯ ಬೆನ್ನು ಹತ್ತಿದ ಮೇಲೆ ನನಗೆ ನಿದ್ದೆ ಹತ್ತದಷ್ಟು ಬೆರಗು. ದೇಶದ ಕೈಗಾರಿಕೆ ಬೆಳೆಸುವುದೆಂದರೆ ನಮಗೆ ನೆನಪಾಗುವುದು ಸಬ್ಸಿಡಿ, ತೆರಿಗೆ ವಿನಾಯಿತಿ, ಅಗ್ಗದ ಸಾಲ, ಕಡಿಮೆ ಬೆಲೆಗೆ ಭೂಮಿ. ಆದರೆ ಇವೆಲ್ಲಕ್ಕಿಂತ ದೊಡ್ಡ ಶಕ್ತಿಯೊಂದು ನಮ್ಮ ಕಣ್ಣ ಮುಂದೆಯೇ, ದಿನಪತ್ರಿಕೆಯ ಕೊನೆಯ ಪುಟಗಳಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗುತ್ತಲೇ ಇತ್ತು: ಟೆಂಡರ್ ಪ್ರಕಟಣೆ! ಯಾರೂ ಓದದ ಆ ಪುಟ! ಶಾಲೆಯ ಬೆಂಚು, ಆಸ್ಪತ್ರೆಯ ಸಿರಿಂಜು, ರೈಲು ಹಳಿ, ಬೀದಿದೀಪ, ಪೊಲೀಸರ ಬೂಟು, ಯುದ್ಧವಿಮಾನ, ಎಲ್ಲವನ್ನೂ ಕೊಳ್ಳುವವರು ಒಬ್ಬರೇ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ, ಸಾರ್ವಜನಿಕ ಉದ್ದಿಮೆಗಳೆಲ್ಲ ಸೇರಿ ಮಾಡುವ ಖರೀದಿ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಇಷ್ಟು ದೊಡ್ಡ ಗಿರಾಕಿ ಈ ನೆಲದ ಮೇಲೆ ಇನ್ನೊಬ್ಬರಿಲ್ಲ. ಆ ಗಿರಾಕಿ ಯಾರಿಂದ ಕೊಳ್ಳುತ್ತಾರೆ, ಏನು ಷರತ್ತು ಹಾಕುತ್ತಾರೆ, ಎಷ್ಟು ವರ್ಷದ ಮಾತು ಕೊಡುತ್ತಾರೆ ಎಂಬುದರ ಮೇಲೆ ಊರುಗಳು ಹುಟ್ಟಿವೆ, ಕಸುಬುಗಳು ಸತ್ತಿವೆ!

ಊರು ಹುಟ್ಟಿದ್ದನ್ನು ಹೇಳುವ ಮೊದಲು ಒಂದು ಕಹಿ ಸಂಗತಿ. ಬ್ರಿಟಿಷರ ಕಾಲದಲ್ಲಿ ಭಾರತ ಸರ್ಕಾರಕ್ಕೆ ಬೇಕಾದ ಸಾಮಾನನ್ನು ಹೆಚ್ಚಿನಂಶ ಕೊಳ್ಳುತ್ತಿದ್ದದ್ದು ಲಂಡನ್ನಿನಲ್ಲಿ. ಇಂಡಿಯಾ ಆಫೀಸಿನ ಸ್ಟೋರ್ಸ್ ವಿಭಾಗ ಅಲ್ಲಿಯೇ ಕೂತು, ಅಲ್ಲಿಯ ಕಂಪನಿಗಳಿಗೇ ಆರ್ಡರ್ ಕೊಡುತ್ತಿತ್ತು. ಹಣ ಇಲ್ಲಿಯ ರೈತನ ಕಂದಾಯದ್ದು! ಭಾರತದ ಸಂಪತ್ತು ಸೋರಿಹೋಗುತ್ತಿದೆ ಎಂದು ದಾದಾಭಾಯಿ ನೌರೋಜಿ ಲೆಕ್ಕ ತೆಗೆದರಲ್ಲ, ಲಂಡನ್ನಿಗೆ ಹೋಗುತ್ತಿದ್ದ ಆ 'ಹೋಮ್ ಚಾರ್ಜಸ್' ಒಳಗೆ ಈ ಸಾಮಾನಿನ ಖರೀದಿಯೂ ಕೂತಿತ್ತು. ಇಲ್ಲಿಯ ಕಬ್ಬಿಣದವನಿಗೆ, ಕಾಗದದವನಿಗೆ ತನ್ನದೇ ಸರ್ಕಾರ ಗಿರಾಕಿಯಲ್ಲ. ಮೊದಲ ಮಹಾಯುದ್ಧದಲ್ಲಿ ಹಡಗು ಬರುವುದು ಕಷ್ಟವಾದಾಗ ಈ ವ್ಯವಸ್ಥೆಯ ಹುಳುಕು ಬಯಲಾಯಿತು. ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗ ಇಲ್ಲಿಯೇ ಖರೀದಿ ಇಲಾಖೆ ಇರಲಿ ಎಂದಿತು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಬಂತು. ಆಮೇಲೂ ಟೆಂಡರನ್ನು ರೂಪಾಯಿಯಲ್ಲಿ, ಭಾರತದಲ್ಲಿ ಸಾಮಾನು ಒಪ್ಪಿಸುವ ಷರತ್ತಿನ ಮೇಲೆ ಕರೆಯಬೇಕೆಂಬ ನಿಯಮ ಗಟ್ಟಿಯಾಗಲು ಇನ್ನೂ ಸುಮಾರು 10 ವರ್ಷ ಹಿಡಿಯಿತು. ನಮ್ಮ ದುಡ್ಡಿನಲ್ಲಿ ನಮ್ಮಿಂದಲೇ ಕೊಳ್ಳಿ ಎನ್ನುವ ಇಷ್ಟು ಸರಳವಾದ ಮಾತಿಗೆ ಎಷ್ಟು ತಲೆಮಾರು ಕಾಯಬೇಕಾಯಿತು ನೋಡಿ.

ಆದರೆ ಆ ಕಾಲದಲ್ಲೇ ಒಂದು ಬಿರುಕು ಬಿಟ್ಟಿತ್ತು, ಆ ಬಿರುಕಿನಿಂದ ಮೇಲೆದ್ದ ಗಿಡವೇ ಜಮ್‌ಶೆಡ್‌ಪುರ! ಜಮ್‌ಶೆಡ್‌ಜಿ ಟಾಟಾ ಉಕ್ಕಿನ ಕನಸು ಕಂಡು 1904ರಲ್ಲಿ ತೀರಿಕೊಂಡರು. ಮಕ್ಕಳ ಮುಂದೆ ಕಾಡು, ಅದಿರು, ನಕ್ಷೆ ಇದ್ದವು, ಗಿರಾಕಿ ಇರಲಿಲ್ಲ. ಭಾರತೀಯರು ಉಕ್ಕಿನ ಹಳಿ ಮಾಡಿದರೆ ಅದನ್ನು ತಿಂದು ತೋರಿಸುತ್ತೇನೆ ಎಂದು ರೈಲ್ವೆ ಮಂಡಳಿಯ ಫ್ರೆಡರಿಕ್ ಅಪ್‌ಕಾಟ್ ಲೇವಡಿ ಮಾಡಿದ ಕಥೆ ಟಾಟಾ ಮನೆತನದ ಇತಿಹಾಸ ಬರೆದವರೆಲ್ಲ ಹೇಳುವಂಥದ್ದು. ಅದೇ ಹೊತ್ತಿನಲ್ಲಿ ಸರ್ಕಾರ ಇನ್ನೊಂದು ಕೈಯಿಂದ ಒಂದು ಮಾತು ಕೊಟ್ಟಿತ್ತು: ಗುಣಮಟ್ಟದಲ್ಲಿ ಪಾಸಾದರೆ, ಆಮದು ಹಳಿಯ ಬೆಲೆಗೇ, ವರ್ಷಕ್ಕೆ 20,000 ಟನ್ ಹಳಿಯನ್ನು 10 ವರ್ಷ ಕೊಳ್ಳುತ್ತೇವೆ.

ಈ ಒಂದು ವಾಕ್ಯವನ್ನು ನಿಧಾನವಾಗಿ ಓದಿ. ಕುಲುಮೆ ಇನ್ನೂ ಎದ್ದಿಲ್ಲ, ಸಾಕ್ಚಿ ಎಂಬ ಹಳ್ಳಿಯ ಸುತ್ತ ಬರೀ ಕಾಡು. ಸರ್ಕಾರ ಆಗಲೇ ಹೇಳುತ್ತಿದೆ, ನೀವು ಮಾಡಿ, ನಾವಿದ್ದೇವೆ! ಸಹಾಯಧನವಲ್ಲ, ಭಿಕ್ಷೆಯಲ್ಲ. ಬೆಲೆಯಲ್ಲಿ ರಿಯಾಯಿತಿ ಇಲ್ಲ, ಗುಣಮಟ್ಟದಲ್ಲಂತೂ ಇಲ್ಲವೇ ಇಲ್ಲ. ಬೇಕಾದದ್ದು ಮಾಡಿಕೊಟ್ಟರೆ ತಪ್ಪದೆ ಕೊಳ್ಳುವವರಿದ್ದಾರೆ ಎಂಬ ಭರವಸೆ ಮಾತ್ರ. 1907ರಲ್ಲಿ ಟಾಟಾ ಕಂಪನಿ ಷೇರು ಬಿಟ್ಟಾಗ ಸ್ವದೇಶಿ ಚಳವಳಿಯ ಕಾವಿನಲ್ಲಿ ಸುಮಾರು 8,000 ಭಾರತೀಯರು ಮೂರೇ ವಾರದಲ್ಲಿ ಹಣ ಸುರಿದರು. ಆ ಕಾವಿನ ಜೊತೆಗೆ, ಮೊದಲ 10 ವರ್ಷ ಮಾಲು ಮಾರಾಟವಾಗುವುದು ಖಾತ್ರಿ ಎಂಬ ಧೈರ್ಯವೂ ಇತ್ತು. 1912ರ ಆರಂಭದಲ್ಲಿ ಉಕ್ಕು ಹೊರಬಂತು. ಯುದ್ಧ ಬಂದಾಗ ಅದೇ ಕಾರ್ಖಾನೆಯ ಹಳಿಗಳನ್ನು ಮೆಸೊಪೊಟೇಮಿಯಾದ ಮರಳಿನ ಮೇಲೆ ಹಾಸಿದರು. 1919ರ ಜನವರಿಯಲ್ಲಿ ವೈಸರಾಯ್ ಚೆಮ್ಸ್‌ಫರ್ಡ್ ಸ್ವತಃ ಬಂದು ಸಾಕ್ಚಿಗೆ ಜಮ್‌ಶೆಡ್‌ಪುರ ಎಂದು ಹೆಸರಿಟ್ಟ.

ನಮ್ಮ ಮೈಸೂರು ಸಂಸ್ಥಾನ ಇದೇ ಗುಟ್ಟನ್ನು ತನ್ನದೇ ರೀತಿಯಲ್ಲಿ ಕಂಡುಕೊಂಡಿತ್ತು, ಮತ್ತು ಇದರ ಬಗ್ಗೆ ನಾವು ಎದೆಯುಬ್ಬಿಸಿ ಮಾತಾಡುವುದು ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು; ಆಗ ಯಂತ್ರ, ತಂತಿ ಎಲ್ಲವೂ ಹೊರದೇಶದ್ದು. ವಿದ್ಯುತ್ ಹಬ್ಬುತ್ತಾ ಹೋದಂತೆ ಕಂಬಕಂಬಕ್ಕೂ ಪಿಂಗಾಣಿಯ ಇನ್ಸುಲೇಟರ್ ಬೇಕು, ಊರೂರಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಕೊಳ್ಳುವವರು ಯಾರು? ಸಂಸ್ಥಾನದ ವಿದ್ಯುತ್ ಇಲಾಖೆಯೇ. ಹಾಗಾದರೆ ಮಾಡುವವರೂ ಇಲ್ಲೇ ಏಕಿರಬಾರದು? 1930ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಎದ್ದಿತು, ಅದರ ಬೆನ್ನಿಗೇ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆ. ಮೊದಲನೆಯದು ಮುಂದೆ ಬಿಎಚ್‌ಇಎಲ್ ಸೇರಿತು. ಎರಡನೆಯದು ಇಂದು ಮೈಸೂರು ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ 'ಕವಿಕಾ'. ದೊಡ್ಡ ಬೆಂಗಳೂರಿನ ಕೈಗಾರಿಕೆಯ ಬೇರು ಹುಡುಕುವವರು ಎಚ್‌ಎಎಲ್, ಐಟಿಐ, ಬಿಇಎಲ್ ಎನ್ನುತ್ತಾರೆ, ಸರಿ. ಆದರೆ ಅವಕ್ಕೂ ಮೊದಲು ಒಂದು ಪುಟ್ಟ ಸಂಸ್ಥಾನದ ವಿದ್ಯುತ್ ಇಲಾಖೆ ಬರೆದ ಇಂಡೆಂಟುಗಳಿವೆ! ಪಿಂಗಾಣಿ ಸುಡುವವನು, ಕಾಯಿಲ್ ಸುತ್ತುವವನು, ಅಳತೆ ಪರೀಕ್ಷಿಸುವವನು, ಇಂಥ ಕೈಗಳು ಬೆಂಗಳೂರಿನಲ್ಲಿ ತಯಾರಾದದ್ದು ಆ ಇಂಡೆಂಟುಗಳಿಂದ.

ಇದು ಬಡದೇಶಗಳ ಉಪಾಯವೇನೋ ಎಂದುಕೊಂಡರೆ ಅಮೆರಿಕ ನೋಡಿ. ಮುಕ್ತ ಮಾರುಕಟ್ಟೆಯ ತವರು! ಅಲ್ಲಿ 1962ರಲ್ಲಿ ತಯಾರಾದ ಇಂಟಿಗ್ರೇಟೆಡ್ ಸರ್ಕ್ಯೂಟುಗಳನ್ನು, ಅಂದರೆ ಇಂದಿನ ಚಿಪ್ಪುಗಳ ಮುತ್ತಜ್ಜನನ್ನು, ಕೊಂಡವರು ಯಾರು ಗೊತ್ತೆ? ಹೆಚ್ಚುಕಡಿಮೆ ನೂರಕ್ಕೆ ನೂರು ಸರ್ಕಾರದ ಕೆಲಸಕ್ಕೇ ಹೋದವು. ಮಿನಿಟ್‌ಮನ್ ಕ್ಷಿಪಣಿಗೆ, ಚಂದ್ರನಿಗೆ ಹೊರಟ ಅಪೊಲೊ ನೌಕೆಯ ಕಂಪ್ಯೂಟರಿಗೆ. ಆಗ ಒಂದರ ಸರಾಸರಿ ಬೆಲೆ 50 ಡಾಲರ್. ಯಾವ ರೇಡಿಯೊ ಕಂಪನಿ ಆ ಬೆಲೆಗೆ ಮುಟ್ಟೀತು? ಸರ್ಕಾರ ಕೊಳ್ಳುತ್ತಾ ಹೋಯಿತು, ಕಾರ್ಖಾನೆಗಳು ಮಾಡಿ ಮಾಡಿ ಕಲಿತವು, ಬೆಲೆ ಇಳಿಯಿತು. 1968ಕ್ಕೆ ಅದೇ ವಸ್ತು 2 ಡಾಲರ್ ಚಿಲ್ಲರೆ! ಆ ಹೊತ್ತಿಗೆ ಸರ್ಕಾರದ ಪಾಲು ಶೇ 37ಕ್ಕೆ ಇಳಿದಿತ್ತು, ಉಳಿದದ್ದೆಲ್ಲ ಪೇಟೆಯ ಪಾಲು. ಒಬ್ಬನೇ ಮಾಡುವ ವಸ್ತುವನ್ನು ನಂಬಿ ಕೂರುವುದಿಲ್ಲ, ಇನ್ನೊಬ್ಬನಿಗೂ ಮಾಡಲು ಕಲಿಸು ಎಂದು ಸೇನೆ ಹಾಕುತ್ತಿದ್ದ ಷರತ್ತು ವಿದ್ಯೆಯನ್ನು ಕಂಪನಿಯಿಂದ ಕಂಪನಿಗೆ ಹರಡಿತು. ನಿಮ್ಮ ಜೇಬಿನಲ್ಲಿರುವ ಮೊಬೈಲಿನ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಬುಡದಲ್ಲಿ ಸಿಗುವುದು ಪರ್ಚೇಸ್ ಆರ್ಡರ್!

ಇನ್ನು ಕಿತ್ತೂರಿಗೆ ಬನ್ನಿ. ರಾಣಿ ಚೆನ್ನಮ್ಮನ ಕಿತ್ತೂರೇ! 1986ರ ಜುಲೈಯಲ್ಲಿ ಅಲ್ಲಿಯ ದೂರವಾಣಿ ಕೇಂದ್ರದಲ್ಲಿ ಒಂದು ಪೆಟ್ಟಿಗೆ ಕೆಲಸ ಶುರು ಮಾಡಿತು. 128 ಲೈನುಗಳ ಡಿಜಿಟಲ್ ಎಕ್ಸ್‌ಚೇಂಜ್, ದೇಶದಲ್ಲೇ ರೂಪಿಸಿದ ಮೊದಲ ಗ್ರಾಮೀಣ ವಿನಿಮಯ ಕೇಂದ್ರ. ಎರಡು ವರ್ಷ ಹಿಂದಷ್ಟೇ, 1984ರಲ್ಲಿ, ಇದನ್ನು ರೂಪಿಸಿದ ಸಿ-ಡಾಟ್ ಸಂಸ್ಥೆಯನ್ನು ಸರ್ಕಾರ ತೆರೆದಿತ್ತು. ಸ್ಯಾಮ್ ಪಿತ್ರೋಡಾ ಮತ್ತು ಜಿ. ಬಿ. ಮೀಮಾಂಸಿ ಮುಂದೆ ನಿಂತಿದ್ದರು, ಹಿಂದೆ ಹರೆಯದ ಎಂಜಿನಿಯರುಗಳ ದಂಡು. ಕೈಗೆ 36 ಕೋಟಿ ರೂಪಾಯಿ, ಮೂರು ವರ್ಷದ ಗಡುವು. ಹೊರದೇಶದ ಎಕ್ಸ್‌ಚೇಂಜುಗಳು ಹವಾನಿಯಂತ್ರಿತ ಕೋಣೆ ಕೇಳುತ್ತಿದ್ದವು, ಸಾವಿರಾರು ಲೈನಿನ ಪಟ್ಟಣಗಳಿಗೆ ತಕ್ಕವಾಗಿದ್ದವು. ನಮ್ಮ ಹಳ್ಳಿಯಲ್ಲಿ ಎಸಿ ಎಲ್ಲಿ, ಕರೆಂಟೇ ಎಲ್ಲಿ? ಧೂಳಿನಲ್ಲಿ, ಸೆಕೆಯಲ್ಲಿ, ಎಸಿ ಇಲ್ಲದೆ ನಡೆಯುವ ಪುಟ್ಟ ಎಕ್ಸ್‌ಚೇಂಜ್ ಬೇಕು ಎಂದು ಕೇಳುವ ಗಿರಾಕಿ ಜಗತ್ತಿನ ಪೇಟೆಯಲ್ಲಿ ಇರಲಿಲ್ಲವಾದ್ದರಿಂದ ಅಂಥದನ್ನು ಯಾರೂ ಮಾಡಿರಲಿಲ್ಲ. ಇಲ್ಲಿ ಕೇಳುವವರು ಇದ್ದರು: ದೂರಸಂಪರ್ಕ ಇಲಾಖೆ. ಇಲಾಖೆ ಏನು ಕೇಳಿತೋ ಅದೇ ಹುಟ್ಟಿತು!

ಸಿ-ಡಾಟ್ ತಾನೇ ಕಾರ್ಖಾನೆ ಹಾಕಿ ಕೂರಲಿಲ್ಲ, ಇದು ನನಗೆ ಬಲು ಮೆಚ್ಚುಗೆಯ ಸಂಗತಿ. ವಿನ್ಯಾಸವನ್ನು ಸರ್ಕಾರಿ, ಖಾಸಗಿ ಎನ್ನದೆ ಹಲವು ತಯಾರಕರಿಗೆ ಪರವಾನಗಿ ಕೊಟ್ಟು ಹಂಚಿತು. ಇಲಾಖೆ ಅವರೆಲ್ಲರಿಂದ ಕೊಂಡಿತು. ಒಂದು ವಿನ್ಯಾಸಕ್ಕೆ ಹತ್ತಾರು ಕೈ. ಬೋರ್ಡಿಗೆ ಬಿಡಿಭಾಗ ಕೂರಿಸುವವರು, ಪರೀಕ್ಷಿಸುವವರು, ತಂತ್ರಾಂಶ ಬರೆಯುವವರು ಹೆಚ್ಚಿದರು. ತೊಂಬತ್ತರ ದಶಕದಲ್ಲಿ ಹಳ್ಳಿಯ ಬಸ್‌ಸ್ಟಾಂಡಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಂತು, ಬೊಂಬಾಯಿಗೆ ದುಡಿಯಲು ಹೋದ ಮಗನ ದನಿ ಕೇಳಿದ ತಾಯಂದಿರು ಎಷ್ಟು ಮಂದಿ! ಆ ದನಿ ಹಾದುಬಂದ ದಾರಿಯಲ್ಲಿ ಎಷ್ಟೋ ಕಡೆ ಈ ಪೆಟ್ಟಿಗೆ ಕೂತಿತ್ತು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕುಣಿಸಿದ ಕಥೆಗೆ ಬರುತ್ತೇನೆ. ತಲೆಯೆತ್ತಿ ಮನೆಯ ದೀಪ ನೋಡಿ. ಎಲ್‌ಇಡಿ ತಾನೆ? ಹತ್ತು ಹನ್ನೆರಡು ವರ್ಷದ ಹಿಂದೆ ಆ ಬಲ್ಬಿಗೆ ಅಂಗಡಿಯಲ್ಲಿ 400, 500 ರೂಪಾಯಿ ಹೇಳುತ್ತಿದ್ದರು. 60 ವಾಟಿನ ಗುಂಡು ಬಲ್ಬು 10, 15 ರೂಪಾಯಿಗೆ ಸಿಗುವಾಗ ಯಾರು ಕೊಂಡಾರು? ಕೊಳ್ಳುವವರಿಲ್ಲ ಎಂದು ಮಾಡುವವರಿಲ್ಲ, ಮಾಡುವವರು ಕಡಿಮೆ ಎಂದು ಬೆಲೆ ಇಳಿಯುವುದಿಲ್ಲ. ಈ ಗಂಟನ್ನು ಬಿಚ್ಚಿದ್ದು ಕೇಂದ್ರ ಸರ್ಕಾರದ ವಿದ್ಯುತ್ ಉದ್ದಿಮೆಗಳು ಸೇರಿ ಕಟ್ಟಿದ ಇಇಎಸ್‌ಎಲ್ ಎಂಬ ಕಂಪನಿ. ಊರಿನವರೆಲ್ಲ ಒಟ್ಟಾಗಿ ಸಂತೆಗೆ ಹೋಗಿ ಚೌಕಾಸಿಗೆ ನಿಂತ ಹಾಗೆ, ಅದು ಇಡೀ ದೇಶದ ಮನೆಗಳ ಪರವಾಗಿ ಒಂದೇ ಟೆಂಡರ್ ಕರೆಯಿತು. ಲಕ್ಷ ಲಕ್ಷ ಬಲ್ಬು, ಆಮೇಲೆ ಕೋಟಿ ಕೋಟಿ ಬಲ್ಬು, ಒಂದರ ಹಿಂದೊಂದು ಸುತ್ತು.

2014ರ ಆರಂಭದಲ್ಲಿ ಟೆಂಡರಿನಲ್ಲಿ ಬಂದ ಬೆಲೆ 310 ರೂಪಾಯಿ. ಮುಂದಿನ ಸುತ್ತಿನಲ್ಲಿ 204. ಆಮೇಲೆ 104. ಆಮೇಲೆ 73. 2016ರ ಸೆಪ್ಟೆಂಬರಿಗೆ 38 ರೂಪಾಯಿ! ಮೂರು ವರ್ಷ ತುಂಬುವ ಮೊದಲೇ ಎಂಟನೇ ಒಂದು ಭಾಗ! ನಾನು ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದೇನೆ. ಜಗತ್ತಿನಾದ್ಯಂತ ಎಲ್‌ಇಡಿ ಚಿಪ್ಪಿನ ಬೆಲೆ ಬೀಳುತ್ತಿದ್ದದ್ದು ನಿಜ, ಅದರ ಪಾಲೂ ಇದರಲ್ಲಿದೆ. ಆದರೆ ಇಷ್ಟು ವೇಗ ಬಂದದ್ದು ಗಿರಾಕಿಯಿಂದ. ಟೆಂಡರಿನಲ್ಲಿ ಬೆಲೆಯೊಂದೇ ಇರಲಿಲ್ಲ. ಮೂರು ವರ್ಷದೊಳಗೆ ಕೆಟ್ಟರೆ ಬಿಟ್ಟಿ ಬದಲಿ ಕೊಡಬೇಕು ಎಂಬ ಖಾತರಿ ಇತ್ತು, ಗುಣಮಟ್ಟದ ಪರೀಕ್ಷೆಯಿತ್ತು. ಕಾರ್ಖಾನೆಯವನಿಗೂ ಮುಂದಿನ ಸುತ್ತು ಬರುವುದು ಗೊತ್ತಿತ್ತು, ಹಾಗಾಗಿ ಹೊಸ ಯಂತ್ರ ಹಾಕಲು ಧೈರ್ಯ ಮಾಡಿದ. 2015ರ ಜನವರಿಯಲ್ಲಿ ದೇಶಕ್ಕೆಲ್ಲ ಹರಡಿದ ಈ ಯೋಜನೆ, ಉಜಾಲಾ, ಅದೇ ವರ್ಷದ ಕೊನೆಗೆ ನಮ್ಮಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ಕರೆಂಟ್ ಬಿಲ್ ಹಿಡಿದು ಕೌಂಟರ್ ಮುಂದೆ ನಿಂತು 9 ವಾಟಿನ ಬಲ್ಬು ತಂದವರಿಗೆ ಆ ಸಾಲು ನೆನಪಿರುತ್ತದೆ. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ಇದರಲ್ಲಿ ಬಜೆಟ್ಟಿನ ಸಬ್ಸಿಡಿ ಇರಲಿಲ್ಲ! ಜನ ಬೆಲೆ ಕೊಟ್ಟೇ ಕೊಂಡರು, ಕೆಲವು ಕಡೆ ಬಿಲ್ಲಿನಲ್ಲಿ ತಿಂಗಳಿಗೆ 10 ರೂಪಾಯಿಯಂತೆ ತೀರಿಸಿದರು. ಸರ್ಕಾರ ಕೊಟ್ಟದ್ದು ತನ್ನ ಗಾತ್ರವನ್ನು, ತನ್ನ ಚೌಕಾಸಿಯ ಬಲವನ್ನು.

ಇಲ್ಲಿ ನನ್ನ ಮನಸ್ಸು ಚುಚ್ಚುವ ಮಾತನ್ನೂ ಹೇಳಲೇಬೇಕು. ಬಲ್ಬು ಜೋಡಿಸುವ ಕಾರ್ಖಾನೆಗಳು ಇಲ್ಲಿ ಬೆಳೆದವು, ಆದರೆ ಒಳಗೆ ಹೊಳೆಯುವ ಚಿಪ್ಪು ಬಹುಪಾಲು ಹೊರಗಿನಿಂದಲೇ ಬರುತ್ತಾ ಉಳಿಯಿತು. ಟೆಂಡರ್ ಬಲ್ಬನ್ನು ಕೇಳಿತ್ತು, ಚಿಪ್ಪನ್ನು ಕೇಳಿರಲಿಲ್ಲ. ಬೆಲೆ ಕೇಳಿತು, ಬೆಲೆ ಸಿಕ್ಕಿತು. ಗಿರಾಕಿ ಬಾಯಿಬಿಟ್ಟು ಕೇಳದ್ದು ತಾನಾಗಿ ಬರುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ತಂದ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ಈ ಕೊರತೆಯ ಮೇಲೇ ಬೆರಳಿಟ್ಟಿದೆ: ವಸ್ತುವಿನ ಮೌಲ್ಯದಲ್ಲಿ ಅರ್ಧದಷ್ಟಾದರೂ ದೇಶದೊಳಗಿನದ್ದಾಗಿದ್ದರೆ ಆ ತಯಾರಕನಿಗೆ ಆದ್ಯತೆ. 2020ರಿಂದ 200 ಕೋಟಿ ರೂಪಾಯಿ ಒಳಗಿನ ಖರೀದಿಗೆ ಜಾಗತಿಕ ಟೆಂಡರ್ ಸಾಮಾನ್ಯವಾಗಿ ಇಲ್ಲ. ಸರ್ಕಾರಿ ಖರೀದಿಯನ್ನು ಸಹಿ ಹಾಕಿದ ಇತರ ದೇಶಗಳಿಗೂ ತೆರೆಯಬೇಕೆನ್ನುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ವೀಕ್ಷಕನಾಗಿ ಮಾತ್ರ ಕೂತಿದೆ. ಹಾಗೆ ಕೂತದ್ದೇ ಸರಿ ಎಂದು ನಾನು ನಂಬುತ್ತೇನೆ. ಈ ಸಾಧನವನ್ನು ಕೈಯಿಂದ ಬಿಟ್ಟರೆ ಮತ್ತೆ ಸಿಗುವುದು ಕಷ್ಟ.

ಸರ್ಕಾರ ಬರೆಯುವ ಒಂದು ಸಾಲು ಕಸುಬನ್ನು ಕಟ್ಟುವಂತೆಯೇ ಕೆಡವಲೂಬಲ್ಲದು. ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ನೂಲಿನ ದಪ್ಪ, ನೇಯ್ಗೆಯ ಎಳೆಗಳ ಲೆಕ್ಕ, ಬಣ್ಣ, ಚಕ್ರದ ಅಳತೆ, ಹೊಲಿಗೆ, ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೊದ ಕಟ್ಟುನಿಟ್ಟು. ಧ್ವಜದ ಮಾನಕಕ್ಕೆ ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೇ ಸಂಖ್ಯೆ! ಬಾಗಲಕೋಟೆ ಸೀಮೆಯ ಮಗ್ಗದ ಮೇಲೆ ಬಟ್ಟೆ, ಬೆಂಗೇರಿಯಲ್ಲಿ ಹೊಲಿಗೆ, ಕೆಲಸ ಮಾಡುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಧ್ವಜ ಖಾದಿಯದ್ದೇ ಆಗಿರಬೇಕು ಎಂಬ ನಿಯಮವೇ ಈ ಕಸುಬಿನ ಉಸಿರಾಗಿತ್ತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು: ಪಾಲಿಯೆಸ್ಟರ್ ಆಗಬಹುದು, ಯಂತ್ರದಲ್ಲಿ ಮಾಡಿದ್ದೂ ಆಗಬಹುದು. ಮನೆಮನೆಗೆ ಅಗ್ಗದ ಬಾವುಟ ತಲುಪಿತು, ಬೆಂಗೇರಿಗೆ ಬರುವ ಆರ್ಡರ್ ಕುಸಿಯಿತು, ಮಗ್ಗದವರು ಬೀದಿಗಿಳಿದು ಪ್ರತಿಭಟಿಸಿದರು. ನನಗೆ ಇದರಲ್ಲಿ ಎರಡು ಮನಸ್ಸಿಲ್ಲ. ಸರ್ಕಾರಿ ಕಚೇರಿಗಳ ಮೇಲಿನ ಧ್ವಜವಾದರೂ ಕೈಮಗ್ಗದ್ದೇ ಇರಲಿ ಎಂದು ಖರೀದಿಯ ಆದೇಶದಲ್ಲಿ ಬರೆಯಲು ಒಂದು ಸಾಲು ಸಾಕು.

ಆರ್ಡರಿನ ಸುಖ ಅತಿಯಾದರೂ ಕೇಡೇ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ, ಬೆಂಗಳೂರಿನ ಐಟಿಐ, 1948ರಿಂದ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟಿತು. ದೂರವಾಣಿನಗರ ಎಂಬ ಬಡಾವಣೆಯೇ ಅದರ ಸುತ್ತ ಬೆಳೆಯಿತು. ಕೊಳ್ಳುವವರು ಒಬ್ಬರೇ, ಪೈಪೋಟಿ ಇಲ್ಲ. ತೊಂಬತ್ತರ ದಶಕದಲ್ಲಿ ಬಾಗಿಲು ತೆರೆದು ಬೇರೆಯವರೂ ಟೆಂಡರಿಗೆ ನಿಂತಾಗ ಅದು ತತ್ತರಿಸಿಹೋಯಿತು. ಟಾಟಾ ಹಳಿಗೆ ಕೊಟ್ಟ ಮಾತಿನಲ್ಲಿ ಆಮದಿನ ಬೆಲೆ ಎಂಬ ಅಳತೆಗೋಲಿತ್ತು, 10 ವರ್ಷ ಎಂಬ ಗಡಿಯಿತ್ತು. ಬಲ್ಬಿನ ಟೆಂಡರಿನಲ್ಲಿ ಪ್ರತಿ ಸುತ್ತಿಗೂ ಹೊಸ ಸ್ಪರ್ಧೆಯಿತ್ತು. ಗಿರಾಕಿ ಗಟ್ಟಿಯಾಗಿಯೂ ಇರಬೇಕು, ನಿಷ್ಠುರನಾಗಿಯೂ ಇರಬೇಕು.

ಸಣ್ಣವರ ಮಾತು ಬಿಟ್ಟರೆ ಈ ಬರಹ ಅರ್ಧವೇ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕು ಲೇತ್ ಇಟ್ಟುಕೊಂಡವರು ದೊಡ್ಡ ಟೆಂಡರಿನ ಹತ್ತಿರ ಸುಳಿಯುವುದೂ ಕಷ್ಟ. ಕಳೆದ ಮೂರು ವರ್ಷದ ವಹಿವಾಟು ಇಷ್ಟಿರಬೇಕು, ಇಎಂಡಿ ಎಂಬ ಮುಂಗಡ ಠೇವಣಿ ಇಷ್ಟು ಕಟ್ಟಬೇಕು, ಇಂಥ ಕೆಲಸ ಮೊದಲೇ ಮಾಡಿರಬೇಕು. ಅವರಿಗಾಗಿ 2012ರಲ್ಲಿ ಒಂದು ಆದೇಶ ಬಂತು. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಇಂದು ಕಡ್ಡಾಯವಾಗಿ ಶೇ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ, ಶೇ 3 ಮಹಿಳೆಯರ ಉದ್ಯಮಗಳಿಗೆ. 358 ವಸ್ತುಗಳನ್ನು ಸಣ್ಣವರಿಂದಲೇ ಕೊಳ್ಳಬೇಕು. ಇಎಂಡಿಯಿಂದ ವಿನಾಯಿತಿ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: 1999ರ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು, ಮೊದಲು 50 ಲಕ್ಷ ರೂಪಾಯಿವರೆಗಿನ, 2023ರಲ್ಲಿ 1 ಕೋಟಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಗುತ್ತಿಗೆದಾರರಿಗೆ ಮೀಸಲು ಕೊಟ್ಟಿತು. ತಲೆತಲಾಂತರದಿಂದ ಕಲ್ಲು ಹೊತ್ತು ರಸ್ತೆ ಮಾಡಿದ ಮನೆಯ ಹುಡುಗ ಅದೇ ರಸ್ತೆಯ ಗುತ್ತಿಗೆ ಹಿಡಿಯುವುದು! ಉದ್ಯೋಗದ ಮೀಸಲಾತಿಯ ಬಗ್ಗೆ ಅಷ್ಟು ಮಾತಾಡುವ ನಾವು ಇದನ್ನು ಕಂಡೇ ಇಲ್ಲವೇನೋ ಎನ್ನುವಷ್ಟು ಮೌನವಾಗಿದ್ದೇವೆ. ಲಂಡನ್ನಿನ ಸ್ಟೋರ್ಸ್ ವಿಭಾಗದ ವಾರಸುದಾರನಾಗಿ ದೆಹಲಿಯಲ್ಲಿ ಉಳಿದಿದ್ದ ಹಳೆಯ ಖರೀದಿ ನಿರ್ದೇಶನಾಲಯ 2017ರಲ್ಲಿ ಬಾಗಿಲು ಮುಚ್ಚಿತು. ಅದರ ಜಾಗಕ್ಕೆ ಬಂದ 'ಜೆಮ್' ಎಂಬ ಆನ್‌ಲೈನ್ ಸಂತೆಯಲ್ಲಿ 2023–24ರ ಒಂದೇ ವರ್ಷ 4 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಖರೀದಿ ನಡೆಯಿತು.

ಇಷ್ಟಿದ್ದೂ ಸಣ್ಣವರು ಸರ್ಕಾರಿ ಆರ್ಡರ್ ಎಂದರೆ ಹಿಂದೆಮುಂದೆ ನೋಡುತ್ತಾರಲ್ಲ, ಕಾರಣ ಒಂದೇ: ಬಿಲ್ ಪಾಸಾಗುವುದಿಲ್ಲ. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಕಡತ ಮೇಜಿನಿಂದ ಮೇಜಿಗೆ ನಡೆಯುವ ವೇಗ ಎಲ್ಲರಿಗೂ ಗೊತ್ತು. ಸಮಯಕ್ಕೆ ದುಡ್ಡು ಬಾರದಿದ್ದರೆ ಎಷ್ಟು ದೊಡ್ಡ ಆರ್ಡರೂ ಸಣ್ಣವನ ಕೊರಳಿಗೆ ಉರುಳು. ಕೊಳ್ಳುವವರ ಮಾತಿಗೆ ಬೆಲೆ ಬರುವುದು ಅವರು ಕೊಡುವ ದುಡ್ಡಿನ ದಿನಾಂಕದಿಂದ.

ಈಗ ನಮ್ಮ ಕಣ್ಣೆದುರೇ ನಡೆಯುತ್ತಿರುವ ಪ್ರಯೋಗ ಈ ಗಾಯಕ್ಕೇ ಮದ್ದು ಹುಡುಕುತ್ತಿದೆ. 2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್, ಈ ಐದು ನಗರಗಳ ಬೇಡಿಕೆಯನ್ನು ಒಟ್ಟುಗೂಡಿಸಿ 5,450 ವಿದ್ಯುತ್ ಬಸ್ಸುಗಳಿಗೆ ಒಂದೇ ಟೆಂಡರ್ ಕರೆದರು. ಕರೆದದ್ದು ಬಲ್ಬು ಕೊಂಡ ಇಇಎಸ್‌ಎಲ್‌ನ ಮಗಳು ಕಂಪನಿ! ಬಸ್ಸು ಕೊಳ್ಳುವುದಲ್ಲ, ಓಡಿದ ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆ ಕೊಡುವುದು. ಬಂದ ದರ ಡೀಸೆಲ್ ಬಸ್ಸಿಗಿಂತ ಕಾಲುಭಾಗಕ್ಕೂ ಮಿಕ್ಕಿ ಕಡಿಮೆ. ಬಿಎಂಟಿಸಿಗೆ ಅದರಲ್ಲಿ 921 ಬಸ್ಸು. ಧಾರವಾಡದ ಟಾಟಾ ಘಟಕದ ಕೆಲಸಗಾರರಿಂದ ಹಿಡಿದು ಬೆಂಗಳೂರಿನ ಡಿಪೋದಲ್ಲಿ ಚಾರ್ಜರ್ ನೋಡಿಕೊಳ್ಳುವ ಹುಡುಗರವರೆಗೆ ಎಷ್ಟೋ ಬಾಳುಗಳಿಗೆ ಈ ಟೆಂಡರ್ ತಗಲಿಕೊಂಡಿದೆ. ಆದರೆ ಮುಂದಿನ ಸುತ್ತುಗಳಲ್ಲಿ ತಯಾರಕರು ಹಿಂಜರಿದರು. ಸಾರಿಗೆ ನಿಗಮಗಳು ಮೊದಲೇ ಸಾಲದಲ್ಲಿವೆ, 12 ವರ್ಷ ತಪ್ಪದೆ ಬಾಡಿಗೆ ಕೊಟ್ಟಾರೆಯೆ ಎಂದು ಬ್ಯಾಂಕುಗಳು ಕೇಳಿದವು.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಇದಕ್ಕೆ ಉತ್ತರ: 3,435 ಕೋಟಿ ರೂಪಾಯಿಯ ನಿಧಿ, 38,000ಕ್ಕೂ ಹೆಚ್ಚು ಬಸ್ಸುಗಳಿಗೆ. ನಿಗಮ ಬಾಡಿಗೆ ತಪ್ಪಿಸಿದರೆ ಆ ನಿಧಿಯಿಂದ ತಯಾರಕನಿಗೆ ದುಡ್ಡು ಹೋಗುತ್ತದೆ. ಆಮೇಲೆ ರಿಸರ್ವ್ ಬ್ಯಾಂಕಿನಲ್ಲಿರುವ ಆ ರಾಜ್ಯದ ಖಾತೆಯಿಂದಲೇ ವಸೂಲಿ. ಕೊಳ್ಳುವವರ ಮಾತಿಗೇ ಜಾಮೀನು! 2025ರಲ್ಲಿ ಹೊಸ ಸುತ್ತಿನ 10,900 ಬಸ್ಸುಗಳಿಗೆ ಬೇಡಿಕೆ ಒಟ್ಟುಗೂಡಿಸಿದಾಗ ಬೆಂಗಳೂರಿನ ಪಾಲು 4,500, ಈ ಸುತ್ತಿನ ಐದು ನಗರಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಟೆಂಡರ್ ದಾಖಲೆ ಯಾರು ಬೇಕಾದರೂ ತೆರೆದು ಓದುವಂಥದ್ದು. ನಾನಂತೂ ಮೊದಲು ಹುಡುಕುವುದು ಬಸ್ಸಿನ ಬೆಲೆಯನ್ನಲ್ಲ, ಬ್ಯಾಟರಿಯ ಯಾವ ಯಾವ ಭಾಗ ಇಲ್ಲಿಯೇ ತಯಾರಾಗಬೇಕು, ಯಾವ ದಿನಾಂಕದಿಂದ ಎಂದು ಹೇಳುವ ಪುಟವನ್ನು.